ಕೂಸು ಹುಟ್ಟುವ ಮೊದಲು ಕುಲಾವಿ, ಹುಟ್ಟಿದ ಮೇಲೆ ಡೈಪರ್



ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಈಗ ಕಾಲ ಬದಲಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಕಡೆಯ ಮನೆಗಳಲ್ಲಿ ಕುಬಸದ ಕಾರ್ಯ ಮುಗಿದು ಹುಡುಗಿ ತವರಿಗೆ ಬಂದಳೆಂದರೆ, ಹಿಂದೆಯೇ ಅಳಿಯಂದಿರ ಕೈಯಲ್ಲಿ ಒಂದು ದೊಡ್ಡ ಡೈಪರ್ ಪ್ಯಾಕೆಟ್ಟು ಬರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಎರಡು ಪ್ಯಾಕೆಟ್ಟು ತಂದಿರುವುದೂ ಉಂಟು.

ಅದನ್ನು ಕಂಡ ಕೂಡಲೇ ಅಜ್ಜಿ ಶುರುಮಾಡುತ್ತಾರೆ: "ನಾವು ಆರಾರು ಮಕ್ಕಳನ್ನ ಹಡದು ಹಳೇ ಅರಿವ್ಯಾಗ ಬೆಳಸಿವಿ. ನಿಮಗೇನ ಧಾಡಿ ಆಗೇದ? ಆ ಪ್ಲಾಸ್ಟಿಕ್ಕು ಕಟ್ಟಿದರ ಕೂಸಿನ ಕಾಲು ಸೊಟ್ಟ ಆಗತಾವ." ಬಾಣಂತಿಯ ಉತ್ತರವೂ ಸಿದ್ಧವಾಗಿರುತ್ತದೆ: "ದಿನಾ ಇಪ್ಪತ್ತು ಅರಿವಿ ಒಗೆಯೋರು ಯಾರವ್ವಾ? ನಿನಗ ಸೊಂಟ ನೋವು, ನನಗ ತಣ್ಣೀರು ಮುಟ್ಟಬ್ಯಾಡ ಅಂತೀರಿ."

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದರೆ ಈ ಜಗಳದಲ್ಲಿ ಮಾತೇ ಬಾರದವನೊಬ್ಬನಿದ್ದಾನೆ, ಅವನೇ ಆ ಕೂಸು. ಅವನ ಪರವಾಗಿ ಈ ಸಲ ನಾಲ್ಕು ಮಾತು ಆಡೋಣ.

ಮೊದಲ ವಾರ ಅರಿವಿಯೇ ಇರಲಿ

ಹುಟ್ಟಿದ ಕೂಸಿಗೆ ತನ್ನ ಹೊಟ್ಟೆ ತುಂಬಿತೋ ಇಲ್ಲವೋ ಎಂದು ಹೇಳಲು ಬಾರದು. ಎದೆಹಾಲು ಎಷ್ಟು ಹೋಯಿತೆಂದು ಅಳೆಯಲು ತಾಯಿಯ ಹತ್ತಿರ ಲೋಟವಿಲ್ಲ. ಇದನ್ನು ಮನೆಯಲ್ಲಿಯೇ ತಿಳಿಯುವ ಸುಲಭದ ದಾರಿಯೆಂದರೆ ಒದ್ದೆಯಾದ ಅರಿವಿಗಳ ಲೆಕ್ಕ. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ, ಹೀಗೆ ಏರುತ್ತ ಹೋಗಿ ಐದಾರು ದಿನಕ್ಕೆ ಇಪ್ಪತ್ತನಾಲ್ಕು ತಾಸಿನಲ್ಲಿ ಕನಿಷ್ಠ ಆರು ಸಲವಾದರೂ ಕೂಸು ಚೆನ್ನಾಗಿ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಎಂದು ತಿಳಿಯಬಹುದು. ಮಲದ ಬಣ್ಣವೂ ಸುದ್ದಿ ಹೇಳುತ್ತದೆ. ಮೊದಲೆರಡು ದಿನ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿರುತ್ತದೆ, ಆಮೇಲೆ ಹಸಿರು ಛಾಯೆಗೆ ತಿರುಗುತ್ತದೆ, ಐದನೆಯ ದಿನದ ಹೊತ್ತಿಗೆ ಸಾಸಿವೆ ಅರೆದಂತೆ ಹಳದಿಯಾಗಬೇಕು. ಹುಟ್ಟಿ ಇಪ್ಪತ್ತನಾಲ್ಕು ತಾಸಾದರೂ ಕಪ್ಪು ಮಲ ಹೋಗಿಲ್ಲವೆಂದರೆ ವೈದ್ಯರಿಗೆ ತಿಳಿಸಲೇಬೇಕು.

ಹತ್ತಿಯ ಅರಿವಿ ಈ ಸುದ್ದಿಯನ್ನು ಕೂಡಲೇ ಕೊಡುತ್ತದೆ. ಮುಟ್ಟಿದರೆ ತೇವ, ಕೂಸು ಕಿರಿಕಿರಿ ಮಾಡುತ್ತದೆ, ನೀವು ಬದಲಿಸುತ್ತೀರಿ. ಡೈಪರಿನ ಕೆಲಸವೇ ಇದಕ್ಕೆ ವಿರುದ್ಧ. ಅದರೊಳಗೆ ಹತ್ತಿಯಂಥ ನಾರಿನ ಸಂಗಡ ಒಂದು ಬಗೆಯ ಪುಡಿ ಇರುತ್ತದೆ. ನೀರು ಬಿದ್ದರೆ ಆ ಪುಡಿ ಉಬ್ಬಿ ಅಂಬಲಿಯಂತಾಗಿ ತೇವವನ್ನು ಒಳಗೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಮೇಲೆ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಒಂದು ಸಲ ಉಚ್ಚೆ ಹೊಯ್ದಿದೆಯೋ, ಮೂರು ಸಲವೋ, ಒಮ್ಮೆಯೂ ಇಲ್ಲವೋ ಎಂದು ಹೊಸ ತಾಯಿಗೆ ತಿಳಿಯುವುದು ಕಷ್ಟ. ನಮ್ಮ ಕಡೆ ಚೈತ್ರ–ವೈಶಾಖದಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಅಂಥ ಸೆಕೆಯಲ್ಲಿ ಹಾಲು ಸಾಲದ ಕೂಸು ಬೇಗನೆ ಬಾಡಿಹೋಗುತ್ತದೆ. ಅಳುವುದನ್ನು ಬಿಟ್ಟು ನಿದ್ದೆಗೆ ಜಾರುತ್ತದೆ. ಮನೆಯವರು "ಭಾಳ ಶಾಣ್ಯಾ ಕೂಸು, ಅಳೂದs ಇಲ್ಲ" ಎಂದು ಹಿಗ್ಗುತ್ತಿರುತ್ತಾರೆ. ಅದು ಹಿಗ್ಗುವ ಹೊತ್ತಲ್ಲ.

ಆದುದರಿಂದ ಮೊದಲ ಏಳೆಂಟು ದಿನ, ಹಾಲು ಸರಿಯಾಗಿ ಬಂದು ಕೂಸಿನ ತೂಕ ಏರತೊಡಗುವವರೆಗೆ, ಮನೆಯಲ್ಲಿರುವಾಗ ಅರಿವಿಯನ್ನೇ ಬಳಸಿರಿ. ಬಾಣಂತಿಯ ಕೋಣೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಒಂದೊಂದು ಒದ್ದೆ ಅರಿವಿಗೆ ಒಂದೊಂದು ಗೆರೆ ಎಳೆಯಿರಿ. ಡೈಪರನ್ನೇ ಕಟ್ಟಬೇಕಾಗಿ ಬಂದರೆ ಒಳಗೆ ತೆಳುವಾದ ಹತ್ತಿ ಬಟ್ಟೆಯ ಒಂದು ತುಂಡನ್ನು ಹಾಸಿರಿ. ಆಗ ಲೆಕ್ಕ ತಪ್ಪುವುದಿಲ್ಲ. ಕೆಲವು ಡೈಪರುಗಳ ಮೇಲೆ ಒದ್ದೆಯಾದಾಗ ಬಣ್ಣ ಬದಲಿಸುವ ಗೆರೆ ಇರುತ್ತದೆ. ಹೊಸ ತಾಯಂದಿರಿಗೆ ಅದು ಒಳ್ಳೆಯ ಅನುಕೂಲ.

ಈ ಲಕ್ಷಣಗಳಿದ್ದರೆ ನಾಳೆ ನೋಡೋಣವೆನ್ನದೆ ಅಂದೇ ಆಸ್ಪತ್ರೆಗೆ ಹೋಗಿರಿ: ಆರನೆಯ ದಿನದ ಮೇಲೂ ಉಚ್ಚೆ ಆರು ಸಲಕ್ಕಿಂತ ಕಡಿಮೆ, ಅರಿವಿಯ ಮೇಲೆ ಇಟ್ಟಂಗಿ ಪುಡಿಯಂಥ ಕೆಂಪು ಕಲೆ ಐದನೆಯ ದಿನ ಕಳೆದರೂ ಬೀಳುವುದು, ಹಾಲಿಗೆ ಎಬ್ಬಿಸಿದರೂ ಏಳದ ನಿದ್ದೆ, ಒಣಗಿದ ಬಾಯಿ, ಅಂಗೈ ಅಂಗಾಲು ಹಳದಿಯಾಗುವುದು, ಮೈ ಸುಡುವುದು ಅಥವಾ ಮೈ ತಣ್ಣಗಾಗುವುದು. ಸೆಕೆ ಎಂದು ನೀರನ್ನಾಗಲಿ, ಸಕ್ಕರೆ ನೀರನ್ನಾಗಲಿ, ಜೇನನ್ನಾಗಲಿ ಕೊಡಬೇಡಿರಿ. ಎದೆಹಾಲಿನಲ್ಲಿಯೇ ಬೇಕಾದಷ್ಟು ನೀರಿದೆ. ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ನೋಡಬೇಕೆಂಬ ವ್ಯವಸ್ಥೆಯಿದೆ. ಅವರು ಬಂದಾಗ ಕೂಸನ್ನು ತೂಗಿಸಿರಿ, ನೀವು ಎಳೆದ ಗೆರೆಗಳನ್ನು ತೋರಿಸಿರಿ. ಹುಟ್ಟಿದ ಕೂಸು ಮೊದಲ ಕೆಲವು ದಿನ ಸ್ವಲ್ಪ ತೂಕ ಇಳಿಯುವುದು ಸಹಜ. ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಬರಬೇಕು.

ಅರಿವಿ ಆರಿಸುವಾಗ

ರಬಕವಿ–ಬನಹಟ್ಟಿ ಮಗ್ಗದ ಊರು. ಅಲ್ಲಿಯ ಹೆಣ್ಣುಮಕ್ಕಳಿಗೆ ನೂಲಿನ ವಿಷಯ ನಾನು ಹೇಳಬೇಕಾಗಿಲ್ಲ. ಮಗ್ಗದಿಂದ ಇಳಿದ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಅದು ನೀರು ಹೀರುವುದಿಲ್ಲ, ಕೂಸಿನ ತೊಡೆಗೆ ಒರಟಾಗುತ್ತದೆ. ಅಜ್ಜಿಯ ಹಳೆಯ ಹತ್ತಿ ಸೀರೆ, ಅಜ್ಜನ ಹಳೆಯ ಧೋತರ ಇವಕ್ಕೆ ಸಮನಾದದ್ದಿಲ್ಲ ಎನ್ನುವುದು ಇದೇ ಕಾರಣಕ್ಕೆ. ಒಗೆದು ಒಗೆದು ಗಂಜಿ ಹೋಗಿ ಮೆತ್ತಗಾಗಿರುತ್ತವೆ. ಹೊಸ ಬಟ್ಟೆಯನ್ನೇ ಬಳಸುವುದಾದರೆ ಮೂರು ನಾಲ್ಕು ಸಲ ಬಿಸಿನೀರಿನಲ್ಲಿ ಒಗೆದ ಮೇಲೆ ಕತ್ತರಿಸಿರಿ. ಪಾಲಿಯೆಸ್ಟರ್ ಕೂಡಿದ ಸೀರೆ ಎಷ್ಟು ಹಳತಾದರೂ ಬೇಡ.

ಎರಡರಿಂದ ಮೂರು ಡಜನ್ ಲಂಗೋಟಿಗಳಿದ್ದರೆ ಮಳೆಗಾಲದಲ್ಲಿಯೂ ಪರದಾಟವಿಲ್ಲ. ಮಲವಾದದ್ದನ್ನು ಮೊದಲು ಬೇರೆಯಾಗಿ ತೊಳೆದು, ಆಮೇಲೆ ಸೋಪು ಹಚ್ಚಿ ಒಗೆದು, ಮೂರು ನೀರಿನಲ್ಲಿ ಜಾಲಿಸಿರಿ. ಸೋಪು ಉಳಿದರೆ ಕೂಸಿನ ಚರ್ಮ ಉರಿಯುತ್ತದೆ. ಕೊನೆಯ ನೀರಿಗೆ ವಾಸನೆಯ ಔಷಧಿ ಹಾಕುವ ಅಭ್ಯಾಸವೂ ಬೇಡ. ಚುರುಕಾದ ಬಿಸಿಲು ಸಾಕು. ಬಿಸಿಲಿಲ್ಲದ ದಿನ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿರಿ. ಅರೆಒದ್ದೆ ಅರಿವಿಯನ್ನು ಕಟ್ಟುವುದಕ್ಕಿಂತ ಆ ಹೊತ್ತಿಗೆ ಡೈಪರ್ ಕಟ್ಟುವುದೇ ಲೇಸು. ಅರಿವಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ತೊಡಿಸುವುದು ಮಾತ್ರ ಬೇಡವೇ ಬೇಡ. ಅದರಲ್ಲಿ ಅರಿವಿಯ ಗುಣವೂ ಇಲ್ಲ, ಡೈಪರಿನ ಗುಣವೂ ಇಲ್ಲ. ಒಳಗೆ ಬೆವರು, ಉಚ್ಚೆ ಎರಡೂ ಕೂಡಿ ಚರ್ಮ ಬೆಂದಂತಾಗುತ್ತದೆ.

ಡೈಪರ್ ಕೊಳ್ಳುವಾಗ

ಅಮೆರಿಕದ ಮರಿಯನ್ ಡೊನೊವನ್ ಎಂಬ ತಾಯಿ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಕೂಸಿನ ಅರಿವಿಗೆ ನೀರು ಸೋರದ ಹೊದಿಕೆ ಹೊಲಿದಳು. ಅದಕ್ಕೆ 1951ರಲ್ಲಿ ಪೇಟೆಂಟು ಸಿಕ್ಕಿತು. ಎಸೆಯುವ ಪ್ಯಾಂಪರ್ಸ್ 1961ರಲ್ಲಿ ಅಲ್ಲಿಯ ಪೇಟೆಗೆ ಬಂತು. ಅಂಬಲಿಯಾಗುವ ಪುಡಿ ಸೇರಿ ಡೈಪರು ತೆಳ್ಳಗಾದದ್ದು 1980ರ ದಶಕದಲ್ಲಿ. ಅಂದರೆ ಒಗೆಯುವ ಕಷ್ಟ ನಮ್ಮ ಓಣಿಯ ಕಷ್ಟ ಮಾತ್ರವಲ್ಲ, ಎಲ್ಲ ಕಡೆಯ ತಾಯಂದಿರದೂ ಹೌದು. ಡೈಪರ್ ಬೇಕೆನ್ನುವ ಹುಡುಗಿಯನ್ನು ಮೈಗಳ್ಳಿ ಎನ್ನುವುದು ತರವಲ್ಲ.

ಇನ್ನು ಆಯ್ಕೆಯ ಮಾತು.

ಅಳತೆ: ಪ್ಯಾಕೆಟ್ಟಿನ ಮೇಲೆ ತಿಂಗಳಿಗಿಂತ ತೂಕವನ್ನು ನೋಡಿರಿ. ಸಾಮಾನ್ಯವಾಗಿ "ನ್ಯೂ ಬಾರ್ನ್" ಐದು ಕಿಲೋವರೆಗೆ, "ಸ್ಮಾಲ್" ನಾಲ್ಕರಿಂದ ಎಂಟು ಕಿಲೋವರೆಗೆ ಇರುತ್ತದೆ. ಕೂಸು ಒಂದೆರಡು ತಿಂಗಳಲ್ಲಿಯೇ ಮೊದಲ ಅಳತೆಯನ್ನು ದಾಟಬಹುದು. ಎರಡೂವರೆ ಕಿಲೋಗಿಂತ ಕಡಿಮೆ ಹುಟ್ಟಿದ್ದರೆ ಅದೇ ಅಳತೆ ಜೋಲಾಡಬಹುದು. ಆದ್ದರಿಂದ ಅಳಿಯಂದಿರು ಅಗ್ಗವೆಂದು ದೊಡ್ಡ ಪ್ಯಾಕೆಟ್ಟು ತರುವ ಬದಲು ಮೊದಲು ಚಿಕ್ಕದೊಂದನ್ನು ತಂದು ಕೂಸಿನ ಚರ್ಮಕ್ಕೆ ಒಗ್ಗುತ್ತದೆಯೋ ನೋಡಲಿ.

ಬಗೆ: ಅಂಟಿಸುವಂಥದು, ಚಡ್ಡಿಯಂಥದು ಎಂದು ಎರಡು ಬಗೆ. ಹೊಕ್ಕಳ ಬಳ್ಳಿ ಬೀಳುವವರೆಗಾದರೂ ಅಂಟಿಸುವಂಥದೇ ಒಳ್ಳೆಯದು. ಕೂಸನ್ನು ಮಲಗಿಸಿದಲ್ಲಿಯೇ ಬಿಚ್ಚಿ ಕಟ್ಟಬಹುದು, ಮುಂಭಾಗವನ್ನು ಹೊಕ್ಕಳಿನ ಕೆಳಗೆ ಮಡಿಚಬಹುದು. ಹೊಕ್ಕಳಿಗೆ ಗಾಳಿ ತಾಗಿ ಒಣಗಬೇಕು. ಬೂದಿ, ಅರಿಸಿನ, ಎಣ್ಣೆ ಯಾವುದನ್ನೂ ಅಲ್ಲಿ ಹಚ್ಚಬೇಡಿರಿ. ಚಡ್ಡಿಯಂಥದು ಕೂಸು ಹೊರಳಾಡತೊಡಗಿದ ಮೇಲೆ ಅನುಕೂಲ.

ಪರೀಕ್ಷೆ: ಹೊಸ ಹೆಸರಿನ ಡೈಪರ್ ತಂದರೆ ಒಂದನ್ನು ಬಿಡಿಸಿ, ಚಹದ ಸಣ್ಣ ಕಪ್ಪಿನಿಂದ ಅರ್ಧ ಕಪ್ಪು ನೀರು ಸುರಿಯಿರಿ. ಐದು ನಿಮಿಷ ಬಿಟ್ಟು ಮೇಲೆ ಒಣ ಕರವಸ್ತ್ರ ಒತ್ತಿರಿ. ಕರವಸ್ತ್ರ ತೊಯ್ದರೆ ಆ ಡೈಪರ್ ಕೂಸಿನ ತೊಡೆಯನ್ನೂ ತೋಯಿಸುತ್ತದೆ. ಗಮಗಮ ಸುವಾಸನೆ ಇರುವುದು ಬೇಡ. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಮಾರುವುದನ್ನು ಕೊಂಡರೆ ಧೂಳು, ತೇವ ತಾಗಿದೆಯೇ ನೋಡಿಕೊಳ್ಳಿರಿ.

ಬೆಲೆ: ಪ್ಯಾಕೆಟ್ಟಿನ ಬೆಲೆಯನ್ನು ಒಳಗಿರುವ ಸಂಖ್ಯೆಯಿಂದ ಭಾಗಿಸಿ ಒಂದಕ್ಕೆ ಎಷ್ಟು ಬಿತ್ತೆಂದು ನೋಡಿರಿ. 2025ರ ಸೆಪ್ಟೆಂಬರ್ 22ರಿಂದ ಕೂಸುಗಳ ಡೈಪರ್ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ಆದರೂ ಖರ್ಚು ಸಣ್ಣದಲ್ಲ. ಒಂದಕ್ಕೆ ಹತ್ತು ರೂಪಾಯಿ ಎಂದು ಹಿಡಿಯಿರಿ. ಹಗಲೂ ರಾತ್ರಿ ಕಟ್ಟಿದರೆ ಎಳೆಯ ಕೂಸಿಗೆ ದಿನಕ್ಕೆ ಎಂಟಾದರೂ ಬೇಕು, ತಿಂಗಳಿಗೆ 2,400 ರೂಪಾಯಿ. ರಾತ್ರಿ ಎರಡು ಮಾತ್ರ ಕಟ್ಟಿದರೆ 600 ರೂಪಾಯಿ. ಇಲ್ಲಿಯೇ ಒಂದು ಅಪಾಯವೂ ಇದೆ. ಹಣ ಉಳಿಸಲೆಂದು ಎಂಟರ ಕೆಲಸವನ್ನು ಮೂರರಲ್ಲಿ ಮುಗಿಸುವವರು ಬಹಳ. "ಹನ್ನೆರಡು ತಾಸು ಸೋರುವುದಿಲ್ಲ" ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದಲ್ಲವೇ? ಆ ಭರವಸೆ ಹಾಸಿಗೆಗೆ ಕೊಟ್ಟದ್ದು, ಕೂಸಿನ ಚರ್ಮಕ್ಕಲ್ಲ. ದಿನಕ್ಕೆ ಎಂಟು ಕೊಳ್ಳಲು ಕೈ ಸಾಗದಿದ್ದರೆ ಹಗಲೆಲ್ಲ ಅರಿವಿ ಕಟ್ಟಿರಿ. ಮೂರು ಡೈಪರಿನಲ್ಲಿ ದಿನ ನೂಕಬೇಡಿರಿ.

ಕಟ್ಟುವ ರೀತಿ

ಹಗಲು ಎರಡು ಮೂರು ತಾಸಿಗೊಮ್ಮೆ ಬಿಚ್ಚಿ ನೋಡಿರಿ. ಮಲವಾಗಿದ್ದರೆ ಕ್ಷಣವೂ ತಡಮಾಡದೆ ಬದಲಿಸಿರಿ. ರಾತ್ರಿ ಹಾಲಿಗೆ ಎದ್ದಾಗ ನೋಡಿದರೆ ಸಾಕು. ಸೊಂಟದ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ. ತೊಡೆಯ ಸುತ್ತಲಿನ ನಿರಿಗೆ ಹೊರಕ್ಕೆ ಚಾಚಿರಲಿ. ತೊಡೆಯ ಮೇಲೆ ಕೆಂಪು ಗೆರೆ ಮೂಡಿದರೆ ಅಳತೆ ಸಾಲದಾಗಿದೆ ಎಂದರ್ಥ. ಹೆಣ್ಣುಕೂಸನ್ನು ಒರೆಸುವಾಗ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಿರಿ. ಉಗುರುಬೆಚ್ಚಗಿನ ನೀರು, ಹತ್ತಿ ಇಷ್ಟೇ ಸಾಕು. ಪೌಡರ್ ಉದುರಿಸುವ ಚಟ ಬಿಡಿರಿ. ಅದರ ಧೂಳು ಕೂಸಿನ ಉಸಿರಿನೊಳಗೆ ಹೋಗುತ್ತದೆ.

ಕೂಸಿಗೆ ಎಣ್ಣೆ ಹಚ್ಚಿ ಎರೆದ ಮೇಲೆ ಅರ್ಧ ತಾಸು ಏನನ್ನೂ ಕಟ್ಟದೆ ಬಿಡಿರಿ. ಸಂಜೆಗೂ ಒಮ್ಮೆ ಹೀಗೆ ಮಾಡಿರಿ. ಹೊರಸಿನ ಕೆಳಗೆ ಕೆಂಡ ಇಡುವ ಮನೆಗಳಲ್ಲಿ ಒಂದು ಎಚ್ಚರಿಕೆ: ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ತಾಯಿ ಕೂಸು ಇಬ್ಬರಿಗೂ ಅಪಾಯ. ಡೈಪರಿನಲ್ಲಿ ಪ್ಲಾಸ್ಟಿಕ್ ಇರುವುದರಿಂದ ಬೆಂಕಿಯ ಹತ್ತಿರ ಕೂಸನ್ನು ಒಯ್ಯಲೇಬೇಡಿರಿ.

ಕಾಲು ಸೊಟ್ಟಗಾಗುವ ಮಾತಿಗೆ ಅಜ್ಜಿಯಂದಿರು ಚಿಂತಿಸಬೇಕಾಗಿಲ್ಲ. ತಾಯಿಯ ಹೊಟ್ಟೆಯಲ್ಲಿ ಮುದುಡಿ ಮಲಗಿದ್ದ ಕೂಸಿನ ಕಾಲು ಹುಟ್ಟುವಾಗಲೇ ಬಾಗಿರುತ್ತವೆ, ನಡೆಯಲು ಕಲಿತ ಮೇಲೆ ತಾವೇ ನೇರವಾಗುತ್ತವೆ. ಡೈಪರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಾಲನ್ನು ಎಳೆದು ನೇರಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದರಿಂದ ಸೊಂಟದ ಕೀಲಿಗೆ ತೊಂದರೆಯಾಗಬಹುದು. ಸುತ್ತುವಾಗ ಕಾಲಾಡಿಸಲು ಜಾಗ ಬಿಡಿರಿ.

ಕೆಂಪಾದರೆ

ಅರಿವಿಯಲ್ಲಿಯೂ ಆಗುತ್ತದೆ, ಡೈಪರಿನಲ್ಲಿಯೂ ಆಗುತ್ತದೆ. ಕುಂಡಿ, ತೊಡೆಗಳ ಉಬ್ಬಿದ ಭಾಗ ಮಾತ್ರ ಕೆಂಪಾಗಿದ್ದರೆ ಅದು ಹೆಚ್ಚಾಗಿ ತೇವದಿಂದ ಆದದ್ದು. ಡೈಪರನ್ನು ಬಿಟ್ಟು, ಗಾಳಿಗೆ ತೆರೆದಿಟ್ಟು, ಝಿಂಕ್ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಹಚ್ಚಿದರೆ ಎರಡು ಮೂರು ದಿನದಲ್ಲಿ ತಗ್ಗುತ್ತದೆ. ತೊಡೆಯ ಸಂದುಗಳಲ್ಲಿಯೇ ಕಡುಕೆಂಪಾಗಿ, ಸುತ್ತ ಚಿಕ್ಕ ಚಿಕ್ಕ ಗುಳ್ಳೆಗಳಿದ್ದರೆ ಅದು ಬೂಷ್ಟಿನ ಸೋಂಕಿರಬಹುದು. ವೈದ್ಯರಿಗೆ ತೋರಿಸಿರಿ. ಕೀವು ಗುಳ್ಳೆ ಎದ್ದರೆ ಅಥವಾ ಜ್ವರ ಬಂದರೆ ಒಂದು ದಿನವೂ ಕಾಯಬೇಡಿರಿ. ಔಷಧಿ ಅಂಗಡಿಯಲ್ಲಿ "ತುರಿಕೆಗೆ ಭಾಳ ಛಲೋ" ಎಂದು ಕೊಡುವ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಕೂಡಿರುತ್ತದೆ. ಎಳೆಯ ಚರ್ಮಕ್ಕೆ ಅದನ್ನು ಹೇಳಿಕೆಯಿಲ್ಲದೆ ಹಚ್ಚಬಾರದು.

ಎಸೆಯುವ ಮಾತು

ಬಳಸಿದ ಡೈಪರನ್ನು ತಿಪ್ಪೆಗೆ ಹಾಕಬೇಡಿರಿ. ತಿಪ್ಪೆಯ ಗೊಬ್ಬರ ನಾಳೆ ಕಬ್ಬಿನ ಹೊಲಕ್ಕೆ ಹೋಗುತ್ತದೆ, ಪ್ಲಾಸ್ಟಿಕ್ ಮಾತ್ರ ಕೊಳೆಯದೆ ಹೊಲದಲ್ಲಿ ಉಳಿಯುತ್ತದೆ. ಕಾಲುವೆಗೆ ಎಸೆದರೆ ಜಮಖಂಡಿಯ ಕೃಷ್ಣೆಗೆ, ಮುಧೋಳದ ಘಟಪ್ರಭೆಗೆ, ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿಗೆ ಸೇರುತ್ತದೆ. ಅದೇ ನೀರನ್ನು ನಾವು ಕುಡಿಯುವುದು. ಒಲೆಗೆ ಹಾಕಿ ಸುಡುವುದೂ ಬೇಡ, ಆ ಹೊಗೆ ವಿಷ. ಮಲವನ್ನು ಪಾಯಖಾನೆಗೆ ಸುರಿದು, ಡೈಪರನ್ನು ಸುರುಳಿ ಸುತ್ತಿ ಅಂಟಿಸಿ, ಹಳೆಯ ಪತ್ರಿಕೆಯಲ್ಲಿ ಕಟ್ಟಿ, ಕಸದ ಗಾಡಿಗೆ ಬೇರೆಯಾಗಿ ಕೊಡಿರಿ. 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ ಹೀಗೆ ಸುತ್ತಿ ಕೊಡಬೇಕೆಂದು ಹೇಳಲಾಗಿತ್ತು. ಪೌರಕಾರ್ಮಿಕ ಸೋದರಿಯರು ಬರಿಗೈಯಲ್ಲಿ ಅದನ್ನು ಆರಿಸುವಂತಾಗಬಾರದು. ಕಸದ ಗಾಡಿ ಬಾರದ ಹಳ್ಳಿಯಲ್ಲಿದ್ದರೆ ಡೈಪರನ್ನು ಊರಿಗೆ ಹೋಗುವ ದಿನಕ್ಕೆ, ದವಾಖಾನೆಗೆ ಹೋಗುವ ದಿನಕ್ಕೆ ಮಾತ್ರ ಇಟ್ಟುಕೊಳ್ಳುವುದು ಜಾಣತನ.

ಒಗೆಯುವವರು ಯಾರು?

ಈ ಪ್ರಶ್ನೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಅರ್ಧ ಮಾತಾದೀತು. "ಅರಿವಿನೇ ಛಲೋ" ಎನ್ನುವುದು ಸುಲಭ. ನಲ್ಲಿ ನೀರು ದಿನಾ ಬಾರದ ಓಣಿಯಲ್ಲಿ, ಹಗಲೆಲ್ಲ ಕಂಡಿಕೆ ಸುತ್ತಿ ದಣಿದ ಹಡೆದವ್ವನೇ ಬಾಣಂತಿಯ ಅಡಿಗೆ, ಎರೆಯುವುದು, ಒಗೆಯುವುದು ಎಲ್ಲವನ್ನೂ ಹೊತ್ತರೆ ಆಕೆ ಹಾಸಿಗೆ ಹಿಡಿಯುತ್ತಾಳೆ. ಮನೆಯಲ್ಲಿ ಯಾರು ಅರಿವಿಯ ಪರವಾಗಿ ಮಾತಾಡುತ್ತಾರೋ ಅವರು ದಿನಕ್ಕೊಂದು ಬಕೀಟನ್ನಾದರೂ ಒಗೆಯಲಿ. ಕೂಸನ್ನು ನೋಡಲು ಬರುವ ತಂದೆಯೂ ಇದರಲ್ಲಿ ಸೇರಿದ. ಅರಿವಿ ಬದಲಿಸುವುದು ಹತ್ತು ನಿಮಿಷದಲ್ಲಿ ಕಲಿಯುವ ವಿದ್ಯೆ, ಅದಕ್ಕೆ ಗಂಡಸು ಹೆಂಗಸು ಎಂಬ ಭೇದವಿಲ್ಲ. ಒಗೆಯುವ ಕೈ ಸಿಗದ ಮನೆಯಲ್ಲಿ ಡೈಪರ್ ಕಟ್ಟಿದರೆ ಪಾಪವೇನೂ ಬಾರದು. ರಾತ್ರಿ ಎರಡು ತಾಸು ಹೆಚ್ಚು ನಿದ್ದೆ ಸಿಕ್ಕ ತಾಯಿಯ ಮೈಯೂ ಮನಸ್ಸೂ ಚೇತರಿಸಿಕೊಳ್ಳುತ್ತವೆ.

ಹಗಲು ಅರಿವಿ, ರಾತ್ರಿಗೆ ಮತ್ತು ಪ್ರಯಾಣಕ್ಕೆ ಡೈಪರ್, ಮೊದಲ ವಾರ ಲೆಕ್ಕ ತಪ್ಪದ ಹಾಗೆ ಅರಿವಿ. ನಮ್ಮ ಕಡೆಯ ಹವೆಗೆ, ನಮ್ಮ ಕೈಯ ದುಡ್ಡಿಗೆ ಹೊಂದುವ ಮಧ್ಯದ ದಾರಿ ಇದು. ಏನನ್ನೇ ಕಟ್ಟಿರಿ, ಬಿಚ್ಚಿ ನೋಡುವ ಕೈ ಮಾತ್ರ ಸೋಮಾರಿಯಾಗಬಾರದು.

ಕತ್ತರಿಸಿ ಇಟ್ಟುಕೊಳ್ಳಿರಿ – ಬಾಣಂತಿ ಕೋಣೆಯ ಗೂಡಿನಲ್ಲಿ ಇರಬೇಕಾದವು

ಮೆತ್ತನೆಯ ಹತ್ತಿ ಲಂಗೋಟಿ – 24ರಿಂದ 36
ಹಾಸಲು ಚೌಕಾಕಾರದ ಹಳೆಯ ಸೀರೆಯ ತುಂಡು – 12
ರಬ್ಬರ್ ಶೀಟು – 2 (ಮೇಲೆ ಬಟ್ಟೆ ಹಾಸದೆ ಮಲಗಿಸಬಾರದು)
ಅಂಟಿಸುವ ಡೈಪರ್, ಚಿಕ್ಕ ಪ್ಯಾಕೆಟ್ಟು – 1
ಝಿಂಕ್ ಆಕ್ಸೈಡ್ ಮುಲಾಮು – 1
ಮುಚ್ಚಳವಿರುವ ಬಕೀಟು – 2 (ಉಚ್ಚೆಯ ಅರಿವಿಗೊಂದು, ಮಲದ ಅರಿವಿಗೊಂದು)
ಹಳೆಯ ಪತ್ರಿಕೆಗಳು
ಕ್ಯಾಲೆಂಡರಿಗೆ ಕಟ್ಟಿದ ಒಂದು ಪೆನ್ಸಿಲು

ಮುಂದಿನ ಸಂಚಿಕೆಯಲ್ಲಿ ಬಾಣಂತಿಯ ಊಟದ ವಿಷಯ: ಅಳವಿ ಪಾಯಸ, ಅಂಟಿನ ಉಂಡಿ, ಮತ್ತು ಬಾಣಂತಿಗೆ ಸೊಪ್ಪು–ಹಣ್ಣು ಬೇಡವೆನ್ನುವ ಮನೆಗಳಿಗೆ ಎರಡು ಮಾತು.